ಡಿಲೀಟ್ ಬಟನ್ ಇರಲಿಲ್ಲ, ಡಿಲೀಟ್ ರೂಟ್ ಇತ್ತು

ನಮ್ಮ ಅಡ್ಮಿನ್ ಪ್ಯಾನೆಲ್‌ನ ಗ್ರಾಹಕರ ಪುಟದಲ್ಲಿ ಡಿಲೀಟ್ ಬಟನ್ ಇಟ್ಟಿರಲಿಲ್ಲ. ಬೇಕಂತಲೇ ಬಿಟ್ಟಿದ್ದೆವು. ಗ್ರಾಹಕರ ದಾಖಲೆ ಅಳಿಸಬಾರದು, ಬೇಡವಾದರೆ ಇನ್‌ಆ್ಯಕ್ಟಿವ್ ಅಂತ ಗುರುತು ಹಾಕಬೇಕು ಎಂದು ಮೊದಲೇ ಮಾತಾಗಿತ್ತು. ಆದರೂ ಒಂದು ಸಂಜೆ ಕೆಲವು ಗ್ರಾಹಕರು ಪಟ್ಟಿಯಿಂದ ಕಾಣೆಯಾದರು.

ಲಾಗ್ ತೆರೆದು ನೋಡಿದೆ. ಸಾಲು ಸಾಲಾಗಿ ಡಿಲೀಟ್ ರಿಕ್ವೆಸ್ಟ್‌ಗಳು, ಪ್ರತಿಯೊಂದರ ಪಕ್ಕದಲ್ಲೂ 204. ಅಂದರೆ ಎಲ್ಲವೂ ಸರಿಯಾಗಿ ಅಳಿಸಿಹೋಗಿವೆ. ಹಳೆಯ ಟೆಸ್ಟ್ ಖಾತೆಗಳನ್ನು ತೆಗೆಯಲು ತಂಡದವರೊಬ್ಬರು ಸ್ಕ್ರಿಪ್ಟ್ ಬರೆದಿದ್ದರು. ಹೆಸರಿನಲ್ಲಿ 'ಟೆಸ್ಟ್' ಇರುವ ಖಾತೆಗಳನ್ನೆಲ್ಲ ಅದು ಹುಡುಕಿ ಅಳಿಸುತ್ತಿತ್ತು. ಟೆಸ್ಟಿಂಗ್ ಲ್ಯಾಬ್‌ಗಳೂ ನಮ್ಮ ಗ್ರಾಹಕರೇ ಅಲ್ವಾ? ಅವೂ ಹೋದವು.

ಅವರ ಮೇಲೆ ತಪ್ಪು ಹಾಕಲು ನನಗೆ ಮನಸ್ಸಾಗಲಿಲ್ಲ. ಆ ಡಿಲೀಟ್ ರೂಟ್, ಅಂದರೆ ಅಳಿಸುವ ರಿಕ್ವೆಸ್ಟ್ ಒಪ್ಪಿಕೊಳ್ಳುವ ಸರ್ವರ್ ವಿಳಾಸ, ತೆರೆದಿಟ್ಟವನು ನಾನು. ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನಲ್ಲಿ (ಪೈಥಾನ್‌ನಲ್ಲಿ ವೆಬ್ ಎಪಿಐ ಬರೆಯುವ ಸಾಧನ) ಮಾಡೆಲ್‌ವ್ಯೂಸೆಟ್ ಎಂಬ ಸಿದ್ಧ ಕ್ಲಾಸ್‌ನಿಂದ ಬರೆದು, ವಿಳಾಸಗಳನ್ನು ಹೊಂದಿಸುವ ರೂಟರ್‌ಗೆ ಸೇರಿಸಿದರೆ 6 ಕೆಲಸಗಳು ತಾವಾಗಿಯೇ ಸಿಗುತ್ತವೆ: ಪಟ್ಟಿ ಕೊಡುವುದು, ಒಂದು ದಾಖಲೆ ತೋರಿಸುವುದು, ಹೊಸದು ಸೇರಿಸುವುದು, ಪೂರ್ತಿ ಬದಲಿಸುವುದು, ಸ್ವಲ್ಪ ಬದಲಿಸುವುದು, ಅಳಿಸುವುದು. ಕೊನೆಯದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಲಾರಾವೆಲ್, ರೈಲ್ಸ್ ಎಂಬ ಬೇರೆ ವೆಬ್ ಫ್ರೇಮ್‌ವರ್ಕ್‌ಗಳಲ್ಲೂ ಹೀಗೇ, ಒಂದು ಸಾಲಿಗೆ 7 ಆಕ್ಷನ್ ಬರುತ್ತವೆ.

ಹೋದದ್ದು ಗ್ರಾಹಕರಷ್ಟೇ ಆಗಿದ್ದರೆ ಬೇಗ ಸರಿಮಾಡಬಹುದಿತ್ತು. ಆರ್ಡರನ್ನು ಅದರ ಗ್ರಾಹಕರಿಗೆ ಜೋಡಿಸುವ ಫಾರಿನ್ ಕೀಗೆ ಕ್ಯಾಸ್ಕೇಡ್ ಹಾಕಿದ್ದೆವು, ಅಂದರೆ ಗ್ರಾಹಕರನ್ನು ಅಳಿಸಿದರೆ ಆರ್ಡರೂ ಅಳಿಯುತ್ತದೆ. ಗ್ರಾಹಕರ ಹಿಂದೆಯೇ ಅವರ ಆರ್ಡರ್‌ಗಳೂ ಹೋಗಿದ್ದವು. ಅದಕ್ಕೆ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಬ್ಯಾಕಪ್‌ನಿಂದ ಒಂದೊಂದೇ ಹುಡುಕಿ ಸೇರಿಸುವಷ್ಟರಲ್ಲಿ ಬೆಳಗಾಯಿತು. ಈಗ ಅಲ್ಲಿ ಪ್ರೊಟೆಕ್ಟ್ ಇದೆ: ಆರ್ಡರ್ ಇರುವ ಗ್ರಾಹಕರನ್ನು ಅಳಿಸಲು ಬಿಡುವುದಿಲ್ಲ.

ಅಂದಿನಿಂದ ನಾನು ಆ ಆರು ಕೆಲಸಗಳಲ್ಲಿ ಒಂದೂ ಇಲ್ಲದ ಜೆನೆರಿಕ್‌ವ್ಯೂಸೆಟ್‌ನಿಂದ ಶುರು ಮಾಡಿ, ಬೇಕಾದ ಕೆಲಸದ ಮಿಕ್ಸಿನ್‌ಗಳನ್ನಷ್ಟೇ (ಸಿದ್ಧ ತುಣುಕುಗಳು) ಸೇರಿಸುತ್ತೇನೆ. ಬರೆಯೋದು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ. ಗ್ರಾಹಕರ ರೂಟ್‌ಗೆ ಡಿಲೀಟ್ ಕಳಿಸಿದರೆ ಈಗ 405, ಅಂದರೆ 'ಈ ಮೆಥಡ್‌ಗೆ ಅನುಮತಿ ಇಲ್ಲ' ಎಂಬ ಉತ್ತರ ಬರುತ್ತದೆ. ಅದು ಬರಲೇಬೇಕು ಎಂದು ಒಂದು ಟೆಸ್ಟನ್ನೂ ಬರೆದಿಟ್ಟಿದ್ದೇನೆ. ಇಲ್ಲದಿದ್ದರೆ ಮುಂದೆ ಯಾರಾದರೂ ಕೋಡ್ ಚಿಕ್ಕದಾಗಲಿ ಅಂತ ಮತ್ತೆ ಮಾಡೆಲ್‌ವ್ಯೂಸೆಟ್ ಹಾಕಿಬಿಡಬಹುದು.

ದಾಖಲೆಯ ಯಾವ ಕಾಲಮ್‌ಗಳು ಎಪಿಐಯಲ್ಲಿ ಒಳಗೆ-ಹೊರಗೆ ಹೋಗಬೇಕು ಎಂದು ಹೇಳುವ ಸೀರಿಯಲೈಸರ್ ಕೂಡ ನೋಡಿ. ಫೀಲ್ಡ್ಸ್‌ಗೆ ಸುಮ್ನೆ 'ಆಲ್' ಕೊಟ್ಟರೆ ನಾಳೆ ಟೇಬಲ್‌ಗೆ ಸೇರುವ ಕಾಲಮ್ಮನ್ನೂ ಹೊರಗಿನಿಂದ ಬದಲಿಸಬಹುದು. ನಮ್ಮಲ್ಲಿ ಗ್ರಾಹಕರ ಸಾಲದ ಮಿತಿ ಹಾಗೇ ತೆರೆದುಕೊಂಡಿತ್ತು. ಫಾರ್ಮ್‌ನಲ್ಲಿ ಆ ಖಾನೆಯೇ ಇಲ್ಲ, ಆದರೆ ಪ್ಯಾಚ್ (ಸ್ವಲ್ಪ ಬದಲಿಸುವ) ರಿಕ್ವೆಸ್ಟ್ ಕಳಿಸಿದರೆ ಬದಲಾಗುತ್ತಿತ್ತು.

ಇನ್ನೆಲ್ಲಿ ಹೀಗಿದೆ ಅಂತ ನೋಡಲು ದಾರಿ ಸುಲಭ. ಜ್ಯಾಂಗೋದ ಯುಆರ್‌ಎಲ್ ಪಟ್ಟಿಯಲ್ಲಿ ವಿಳಾಸ ಕಾಣುತ್ತದೆ, ಅದು ಯಾವ ಯಾವ ಮೆಥಡ್ ಒಪ್ಪುತ್ತದೆ ಅನ್ನೋದು ಕಾಣುವುದಿಲ್ಲ. ಅದಕ್ಕೆ ಪ್ರತಿ ವಿಳಾಸಕ್ಕೂ ಆಪ್ಷನ್ಸ್ ರಿಕ್ವೆಸ್ಟ್ ಕಳಿಸಿ, ಉತ್ತರದಲ್ಲಿ ಒಪ್ಪುವ ಮೆಥಡ್‌ಗಳ ಪಟ್ಟಿಯಾಗಿ ಬರುವ ಅಲೌ ಹೆಡರ್ ಓದಿದೆವು. ಒಂದೊಂದು ದಾಖಲೆಯ ವಿಳಾಸಗಳಲ್ಲಿ ಬಹುಪಾಲು ಡಿಲೀಟ್ ಇತ್ತು. ಸ್ಕ್ರೀನ್‌ನಲ್ಲಿ ಡಿಲೀಟ್ ಬಟನ್ ಇದ್ದದ್ದು ಎರಡೇ ಪುಟಗಳಲ್ಲಿ.