ಇಸ್ಪೀಟು ಲೈಸೆನ್ಸಿಗೆ ‘ಕೊನೆಯ ದಿನಾಂಕ’

ಕೊಡಗಿನ ಗೋಣಿಕೊಪ್ಪಲಿನಲ್ಲಿ ಅರ್ಜಿ ಬರೆದುಕೊಡುವ ಸಣ್ಣ ಅಂಗಡಿ ನನ್ನದು. ಆರ್‌ಟಿಸಿ, ಜಮ್ಮಾ ಜಾಗದ (ಕೊಡಗಿನ ಹಳೆಯ ಹಿಡುವಳಿಯ) ಕಾಗದ, ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪತ್ರ, ಹೋಂಸ್ಟೇ ನೋಂದಣಿ, ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತವೆ. ಈ ಮಳೆಗಾಲದಲ್ಲಿ ಹೋಂಸ್ಟೇಯವರ ಫೋನುಗಳಲ್ಲಿ ಒಂದು ಕಾಗದ ಓಡಾಡುತ್ತಿದೆ. ಮೇಲೆ ಗಂಡಭೇರುಂಡ, ಕೆಳಗೆ ದಪ್ಪ ಅಕ್ಷರದಲ್ಲಿ ‘ರಾಜ್ಯ ಗೇಮಿಂಗ್ ಲೈಸೆನ್ಸ್, ಅರ್ಜಿಗೆ ಕೊನೆಯ ದಿನಾಂಕ’. ಸೀಟು ಕಾಯ್ದಿರಿಸಲು ಮೊದಲೇ ದುಡ್ಡು ಕಳಿಸಬೇಕಂತೆ.

ಮೊದಲೇ ಹೇಳಿಬಿಡುತ್ತೇನೆ. ಹೋಂಸ್ಟೇಯಲ್ಲಿ ದುಡ್ಡಿಟ್ಟು ಇಸ್ಪೀಟು ಆಡಿಸಲು ಕರ್ನಾಟಕದಲ್ಲಿ ಯಾವ ಲೈಸೆನ್ಸೂ ಇಲ್ಲ. ಇಲ್ಲದ ಲೈಸೆನ್ಸಿಗೆ ಅರ್ಜಿ ಇಲ್ಲ, ಕೊನೆಯ ದಿನವೂ ಇಲ್ಲ.

ಇದನ್ನು ನನಗೆ ತೋರಿಸಿದ್ದು ನಮ್ಮ ಪಕ್ಕದ ಊರಿನ ಹುಡುಗ. ಕಕ್ಕಡದ (ನಮ್ಮ ಆಟಿ ತಿಂಗಳಿನ) ಮಳೆ ಶುರುವಾದರೆ ಅವನ ಹೋಂಸ್ಟೇಗೆ ಬುಕಿಂಗ್ ಬರುವುದಿಲ್ಲ, ಕಾಫಿ ತೋಟದ ಮೇಲೆ ಬ್ಯಾಂಕಿನ ಸಾಲ ಬೇರೆ. “ಅಕ್ಕಾ, ಬೇಗ ತುಂಬಿಕೊಡಿ, ಇನ್ನು ಎರಡೇ ದಿನ ಇದೆಯಂತೆ” ಅಂದ.

“ಯಾವ ಇಲಾಖೆ ತಮ್ಮಾ ಇದು?” ಅಂದೆ.

“ಅದು ಗೊತ್ತಿಲ್ಲ ಅಕ್ಕಾ. ಏಜೆಂಟ್ ಮಾಡಿಕೊಡ್ತಾನಂತೆ.”

ಅಲ್ಲೇ ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ಕಾಗದದಲ್ಲಿ ಅಧಿಸೂಚನೆಯ ಸಂಖ್ಯೆ ಇಲ್ಲ, ಯಾವ ಕಾಯ್ದೆಯ ಕೆಳಗೆ ಅಂತ ಇಲ್ಲ, ಸಹಿ ಮಾಡಿದ ಅಧಿಕಾರಿಯ ಹುದ್ದೆ ಇಲ್ಲ. ದುಡ್ಡು ಹೋಗಬೇಕಾದ್ದು ಯಾರದೋ ಮೊಬೈಲ್ ನಂಬರಿಗೆ. ನಮ್ಮ ರಾಜ್ಯ ಸರ್ಕಾರಕ್ಕೆ ಕಟ್ಟುವ ಶುಲ್ಕಕ್ಕೆ ಖಜಾನೆ-2 ಅನ್ನುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಚಲನ್ ಹುಟ್ಟುತ್ತದೆ, ಅದರ ಮೇಲೆ ಇಲಾಖೆಯ ಹೆಸರು, ಲೆಕ್ಕ ಶೀರ್ಷಿಕೆ ಇರುತ್ತದೆ. ನಿಜವಾದ ಗಡುವು ಹೇಗಿರುತ್ತದೆ ಅನ್ನುವುದು ಕೊಡಗಿನವರಿಗೆ ಗೊತ್ತೇ ಇದೆ. ಕೋವಿಯ ವಿನಾಯಿತಿಯನ್ನು ಕೇಂದ್ರ ಗೃಹ ಇಲಾಖೆ 2019ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಬಾರ್ ಇಟ್ಟವರಿಗೆ ಅಬಕಾರಿ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಜುಲೈ 1ರಿಂದ ಹೊಸದು. ಇವೆಲ್ಲ ಎಲ್ಲರಿಗೂ ಒಂದೇ ದಿನ. ಫೋನ್ ಮಾಡಿದವರಿಗೆಲ್ಲ ‘ಇನ್ನು ಎರಡೇ ದಿನ’ ಆಗುವುದಿಲ್ಲ.

ಏಜೆಂಟರು ಗೋವಾ, ಸಿಕ್ಕಿಂ ಹೆಸರು ಹೇಳಿ ನಂಬಿಸುತ್ತಾರೆ. ಅಲ್ಲಿ ಕ್ಯಾಸಿನೊ ಇರುವುದು ನಿಜ. ಜೂಜು, ಪಂದ್ಯ ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 34ನೇ ನಮೂದು, ಹಾಗಾಗಿ ಒಂದೊಂದು ರಾಜ್ಯದ್ದು ಒಂದೊಂದು ಕಾನೂನು. ಗೋವಾ 1976ರ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಪಂಚತಾರಾ ಹೋಟೆಲು, ಹಡಗುಗಳಿಗೆ ಅವಕಾಶ ಕೊಟ್ಟಿತು. ನಮ್ಮಲ್ಲಿ ಇರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಜೂಜಿಗೆ ಜಾಗ ಕೊಟ್ಟು ನಡೆಸಿದವರ ಮೇಲೆ 79ನೇ ಕಲಂ, ಅಲ್ಲಿ ಕೂತು ಆಡಿದವರ ಮೇಲೆ 80. ಕುದುರೆ ರೇಸಿಗೆ ಮಾತ್ರ ಲೈಸೆನ್ಸ್ ಇದೆ, 1952ರ ಮೈಸೂರು ರೇಸ್ ಕೋರ್ಸ್ ಕಾಯ್ದೆಯ ಕೆಳಗೆ. ಅದು ರೇಸ್ ಕೋರ್ಸಿಗೆ ಸಿಗುವಂಥದ್ದು, ನಾಲ್ಕು ಕೋಣೆಯ ಹೋಂಸ್ಟೇಗಲ್ಲ.

‘ರಮ್ಮಿ ಬುದ್ಧಿಯ ಆಟ, ಕೋರ್ಟೇ ಹೇಳಿದೆ’ ಅನ್ನುವುದು ಇನ್ನೊಂದು ಮಾತು. 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೌದು. ಆದರೆ ಅದೇ ತೀರ್ಪಿನಲ್ಲಿ, ಜಾಗದ ಯಜಮಾನ ಆಟದಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಅಂತಲೂ ಇದೆ. ಏಜೆಂಟ್ ಈ ಅರ್ಧವನ್ನು ಓದುವುದೇ ಇಲ್ಲ. ಪ್ರತಿ ಆಟಕ್ಕೆ ಕಮಿಷನ್ ತೆಗೆದುಕೊಳ್ಳಬಹುದು ಅಂತಲೇ ನಮ್ಮ ಹುಡುಗನಿಗೆ ಆಸೆ ತೋರಿಸಿದ್ದ. ದಾಳಿ ಆದ ದಿನ ಕೇಸು ಬೀಳುವುದು ಹೋಂಸ್ಟೇ ಯಾರ ಹೆಸರಿನಲ್ಲಿದೆಯೋ ಅವರ ಮೇಲೆ. ಇವನದು ಅವ್ವನ ಹೆಸರಿನಲ್ಲಿದೆ. ಅದನ್ನು ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ.

ಆನ್‌ಲೈನ್ ಲೈಸೆನ್ಸ್ ಅನ್ನುವವರಿಗೂ ಒಂದು ಮಾತು. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಆಟಕ್ಕೆ ಕಾಯ್ದೆ ಮಾಡಿತ್ತು, ನಾಗಾಲ್ಯಾಂಡ್ ಆಮೇಲೆ ಮಾಡಿತು. ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧದ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ತಂದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಬುದ್ಧಿಯದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸಿದೆ.

ನಮ್ಮ ಗಡಿಯಲ್ಲಿ ನಿಜವಾದ ಗಡುವು ಒಂದಿದೆ, ಲಾಟರಿಯದು. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿತು. ಕುಟ್ಟ ದಾಟಿ ತೋಲ್ಪೆಟ್ಟಿಗೆ, ಮಾಕುಟ್ಟ ದಾಟಿ ಇರಿಟ್ಟಿಗೆ ಹೋದವರು ಅಲ್ಲಿ ಕೇರಳದ ಟಿಕೆಟ್ ಕೊಳ್ಳುತ್ತಾರೆ. 2024ರ ಓಣಂ ಬಂಪರಿನ 25 ಕೋಟಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದ ಮೇಲಂತೂ ಇನ್ನೂ ಜಾಸ್ತಿ. ಬಹುಮಾನ ಬಂದರೆ ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ಟಿಕೆಟನ್ನು ಪರ್ಸಿನಲ್ಲಿಟ್ಟು ಮರೆತವರಿಗೆ ಇದು ಮುಖ್ಯ. ಟಿಕೆಟನ್ನೇ ಕೊಳ್ಳದವರಿಗೆ ‘ನಿಮಗೆ ಬಹುಮಾನ ಬಂದಿದೆ, ಇವತ್ತೇ ಕೊನೆ’ ಅಂತ ಸಂದೇಶ ಬಂದರೆ ಅದು ಮೋಸ.

ಹುಡುಗ ಪೂರ್ತಿ ಹಣ ಕಳಿಸಿರಲಿಲ್ಲ, ಮುಂಗಡ ಮಾತ್ರ ಹೋಗಿತ್ತು. ಅಂಗಡಿಯಲ್ಲೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಹಣ ಕಳಿಸಿದ ಸ್ಕ್ರೀನ್‌ಶಾಟ್, ಏಜೆಂಟನ ನಂಬರು, ಆ ಕಾಗದ, ಮೂರನ್ನೂ ಪ್ರಿಂಟ್ ತೆಗೆದು ಠಾಣೆಗೂ ಕೊಟ್ಟ. ನಿಮ್ಮ ಫೋನಿಗೂ ಅದು ಬಂದಿದ್ದರೆ ಅಳಿಸಬೇಡಿ, ದುಡ್ಡು ಕಳಿಸಿದ್ದರೆ ಆ ದಿನವೇ ದೂರು ಕೊಡಿ. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗಿಬಿಡುತ್ತದೆ. ಓದಲು ಯಾರಾದರೂ ಬೇಕಿದ್ದರೆ ಅಂಗಡಿಗೆ ಬನ್ನಿ, ಕಾಗದ ಓದಿ ಹೇಳುವುದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.