ಜಗಲಿಯ ಮೇಲೊಂದು ಮೌನದ ಜಗಳ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಟೀವಿ ನಡುಮನೆಯಿಂದ ಜಗಲಿಗೆ ಬರುತ್ತಿತ್ತು. ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರು ತೂಕಡಿಸದಿರಲೆಂದು ಅಜ್ಜ ಮಾಡಿದ್ದ ಏರ್ಪಾಡು ಅದು. 2000ದ ಡಿಸೆಂಬರಿನಲ್ಲಿ ಆರಂಭವಾಗಿದ್ದ ಈಟಿವಿ ಕನ್ನಡದಲ್ಲಿ ಮುಂದೆ ಸಿಹಿಕಹಿ ಚಂದ್ರು ಅವರ ಹಾಸ್ಯ ಧಾರಾವಾಹಿ ‘ಪಾಪ ಪಾಂಡು’ ಬರತೊಡಗಿದ ಮೇಲಂತೂ, ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯವರೂ ಕತ್ತಿ ಹಿಡಿದು ಬಂದು ಕೂರುತ್ತಿದ್ದರು. ಚಿದಾನಂದ್ ಅವರ ಪಾಂಡು ಹೆಂಡತಿಯಿಂದ ಏನನ್ನೋ ಮುಚ್ಚಿಡುವುದು, ಶಾಲಿನಿ ಅವರ ಹೆಂಡತಿ ಅದನ್ನು ಪತ್ತೆ ಹಚ್ಚುವುದು, ಆಮೇಲೆ ಬೈಗುಳವೋ ಗುದ್ದೋ. ಕಥೆ ಬಹುಪಾಲು ಇಷ್ಟೇ ಇರುತ್ತಿತ್ತಾದರೂ ಯಾರಿಗೂ ಬೇಸರ ಬಂದದ್ದು ನಾನು ನೋಡಿಲ್ಲ.

ಒಂದು ವರ್ಷದ ಕೊಯ್ಲಿನ ಒಂದು ರಾತ್ರಿ ಮಾತ್ರ ನಮ್ಮ ಮನೆಯಲ್ಲೂ ಅದೇ ಕಥೆ ನಡೆಯುತ್ತಿತ್ತು. ಮಿಕ್ಸಿಗೆಂದು ಅಮ್ಮ ಹಾಲು ಮಾರಿ ಕೂಡಿಟ್ಟಿದ್ದ ಹಣದಲ್ಲಿ ಎರಡು ಸಾವಿರ ರೂಪಾಯಿಯನ್ನು ಅಪ್ಪ ಹೇಳದೆ ಕೇಳದೆ ಚಿಕ್ಕಪ್ಪನಿಗೆ ಕೊಟ್ಟಿದ್ದರು. ಅಮ್ಮ ಕೂಗಾಡಲಿಲ್ಲ. ಮಾತು ನಿಲ್ಲಿಸಿದಳು. ಕಾಫಿ ಲೋಟವನ್ನು ಜಗಲಿಯ ಅಂಚಿಗೆ ಕುಕ್ಕಿ ಇಟ್ಟು, “ಕಾಫಿ ಆರ್ತದೆ ಅಂತ ಅಪ್ಪನಿಗೆ ಹೇಳು” ಎಂದು ನನಗೆ ಹೇಳಿ ಒಳಗೆ ಹೋಗುತ್ತಿದ್ದಳು. ಎರಡು ಮಾರು ದೂರದಲ್ಲಿ ಕೂತಿದ್ದ ಅಪ್ಪನಿಗೆ ಅದು ನನಗಿಂತ ಮೊದಲೇ ಕೇಳಿಸಿರುತ್ತಿತ್ತು. ಹೀಗೆ ಮೂರು ದಿನ ನಾನು ಅಂಚೆಯವನ ಕೆಲಸ ಮಾಡಿದೆ.

ಅಂದು ತೆರೆಯ ಮೇಲೆ ಪಾಂಡು ಸಿಕ್ಕಿಬಿದ್ದ ತಕ್ಷಣ ಜಗಲಿಯೆಲ್ಲ ನಕ್ಕಿತು. ಅಮ್ಮ ನಗಲಿಲ್ಲ, ಅಪ್ಪ ಬುಟ್ಟಿಯೊಳಗಿಂದ ತಲೆ ಎತ್ತಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಲಿಯಲು ಬರುತ್ತಿದ್ದ ಒಬ್ಬ ಹೆಂಗಸು. ಕುಡಿದು ಬಂದ ಗಂಡನ ಕೈಯಲ್ಲಿ ಅವಳು ಏಟು ತಿನ್ನುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಗಂಡನಿಗೆ ಗುದ್ದುವ ಹೆಂಡತಿಯನ್ನು ನೋಡಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದುದರ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಗಂಡ ಹೆಂಡತಿಗೆ ಹೊಡೆಯುವ ದೃಶ್ಯವಾಗಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ, ಅದು ನಮ್ಮೂರಿನಲ್ಲಿ ನಿತ್ಯದ ಸುದ್ದಿ.

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳೇ ಹೇಳಿದಳು: “ಅವಳು ಗುದ್ದಿ ಮುಗಿಸ್ತಾಳೆ ಮಾರಾಯ್ತಿ. ನಮ್ಮ ಅಮ್ಮಂದು ಹಾಗಲ್ಲ, ಮೂರು ದಿನದಿಂದ ಬಾಯಿಗೇ ಬೀಗ!”

ಈ ಬಾರಿಯ ನಗು ತೆರೆಯ ಕಡೆಗಿರಲಿಲ್ಲ. ಅಜ್ಜನೂ ನಕ್ಕುಬಿಟ್ಟರು. ಅಪ್ಪ ಗಲಿಬಿಲಿಗೊಂಡು ಕೈಯಲ್ಲಿದ್ದ ಅಡಿಕೆಯನ್ನು ಕತ್ತಿಗೆ ಒತ್ತಿದ್ದು ಜಾರಿ, ಎಡಗೈ ಹೆಬ್ಬೆರಳು ಸೀಳಿತು. ಅಡಿಕೆಯ ಚೊಗರು ಹಿಡಿದು ಕಪ್ಪಾಗಿದ್ದ ಬೆರಳಿನ ಮೇಲೆ ರಕ್ತ ಬೇಗ ಕಾಣಿಸಲೇ ಇಲ್ಲ. ಸುಲಿದಿಟ್ಟ ಬಿಳಿಯ ಅಡಿಕೆಯ ಮೇಲೆ ಎರಡು ಹನಿ ಬಿದ್ದಾಗಲೇ ಗೊತ್ತಾದದ್ದು. ಅಮ್ಮ ಎದ್ದು ಒಳಗೆ ಹೋಗಿ ಅರಿಸಿನದ ಡಬ್ಬಿಯನ್ನೂ ಹಳೆಯ ಪಂಚೆಯ ತುಂಡನ್ನೂ ತಂದು, ಅಪ್ಪನ ಎದುರು ಕುಕ್ಕರುಗಾಲಿನಲ್ಲಿ ಕೂತು, ಅವರ ಕೈಯನ್ನು ತನ್ನ ಮಂಡಿಯ ಮೇಲೆ ಎಳೆದುಕೊಂಡು ಬಿಗಿಯಾಗಿ ಕಟ್ಟತೊಡಗಿದಳು. ಕಟ್ಟುತ್ತಲೇ, ತಲೆ ಎತ್ತದೆ, ನನಗೆ ಹೇಳಿದಳು:

“ಕೈ ಅಲ್ಲಾಡಿಸಬಾರದು ಅಂತ ಅಪ್ಪನಿಗೆ ಹೇಳು.”

“ಅಲ್ಲಾಡಿಸಲ್ಲ ಅಂತ ಹೇಳು” ಎಂದರು ಅಪ್ಪ, ನನ್ನನ್ನೇ ನೋಡುತ್ತಾ.

ನಾನು ಯಾರಿಗೂ ಏನೂ ಹೇಳಲಿಲ್ಲ. ಟೀವಿಯಲ್ಲಿ ಅಷ್ಟರಲ್ಲಿ ಎಲ್ಲವೂ ಸರಿಹೋಗಿತ್ತು. ಮರುದಿನಕ್ಕೆ ಅವರಿಗೆ ಹೊಸ ಜಗಳ ಸಿಗುತ್ತದೆ, ಹಳೆಯದನ್ನು ಎತ್ತುವವರಿಲ್ಲ. ನಮ್ಮಲ್ಲಿ ಮಾತು ಮರಳಿತಾದರೂ ಮಿಕ್ಸಿ ಬಂದದ್ದು ಮಾತ್ರ ಮುಂದಿನ ಫಸಲು ಮಾರಿದ ಮೇಲೆ.

2018ರಲ್ಲಿ ‘ಪಾಪ ಪಾಂಡು’ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದಾಗ ರಜೆಗೆ ಊರಿಗೆ ಹೋಗಿದ್ದೆ. ಅಪ್ಪ ಅಮ್ಮ ಇಬ್ಬರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ನೋಡುತ್ತಿದ್ದರು. ಪಾಂಡು ಏನೋ ಮುಚ್ಚಿಡಲು ಹೊರಟ. ಅಪ್ಪ ನೀರು ಕುಡಿಯುವ ನೆಪದಲ್ಲಿ ಎದ್ದರು.

“ಎರಡು ಸಾವಿರದ ಕಥೆ ಈಗ ಬರ್ತದೆ, ಕೂತ್ಕೊಳ್ಳೋಕೆ ಹೇಳು ನಿನ್ನ ಅಪ್ಪನಿಗೆ” ಎಂದಳು ಅಮ್ಮ.