ಗಸಗಸೆ ಕಾಯಿ, ಭತ್ತದ ತೆನೆ

ಆಗಸ್ಟ್ 15 ನಮಗೆ ಬಾವುಟದ ದಿನ. ಇಗರ್ಜಿಗೆ ಹೋಗುವವರಿಗೆ ಮಾತೆ ಮರಿಯ ಸ್ವರ್ಗಕ್ಕೇರಿದ ಹಬ್ಬವೂ ಹೌದು. ಪೋಲೆಂಡಿನ ಹಳ್ಳಿಗಳಲ್ಲಿ ಅದು ಗಿಡಮೂಲಿಕೆ ಮಾತೆಯ ಹಬ್ಬ.

2016ರ ಜುಲೈನಲ್ಲಿ ಅಲ್ಲಿನ ಕ್ರಾಕೋವ್ ನಗರದಲ್ಲಿ ಕ್ಯಾಥೊಲಿಕ್ ಯುವಜನರ ಜಾಗತಿಕ ಸಮಾವೇಶ, ವಿಶ್ವ ಯುವಜನ ದಿನ ನಡೆಯಿತು. ಪೋಪ್ ಫ್ರಾನ್ಸಿಸ್ ಬಂದಿದ್ದರು. ಸೇವೆಗೆಂದು ಹೋಗಿದ್ದ ನಾವು ಕೆಲವರು ಆಮೇಲೆ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಉಳಿದೆವು. ನಗರದ್ದು ಬರೀ ಜನಜಂಗುಳಿ. ಹಳ್ಳಿ ಮಾತ್ರ ಮನಸ್ಸಲ್ಲಿ ಕೂತುಬಿಟ್ಟಿದೆ. ರಸ್ತೆ ತಿರುವಿನಲ್ಲಿ ಹೂ ಮುಡಿದ ಮಾತೆಯ ಪುಟ್ಟ ಗುಡಿ, ಕರೆಂಟ್ ಕಂಬದ ಮೇಲೆ ಕೊಕ್ಕರೆ ಗೂಡು. ತುಂಗಾ ನದಿಯ ನಮ್ಮ ಹಕ್ಕಿಧಾಮ ಮಂಡಗದ್ದೆ ನೆನಪಾಯಿತು. ತುಂಗೆಯೊಂದು ಇರಲಿಲ್ಲ, ಅಷ್ಟೇ.

ಹಬ್ಬದ ಬೆಳಿಗ್ಗೆ ಮನೆಯ ಅಜ್ಜಿ ಹಿತ್ತಲಿಗೆ ಹೋಗಿ ಒಂದು ಕಟ್ಟು ಮಾಡಿಕೊಂಡು ಬಂದರು. ಗೋಧಿ ತೆನೆ, ಓಟ್ಸ್ ತೆನೆ, ಪುದೀನ, ಒಣಗಿದ ಗಸಗಸೆ ಕಾಯಿ, ನಡುವೆ ಒಂದು ಸೇಬು. ಇಗರ್ಜಿಯಲ್ಲಿ ಬಲಿಪೂಜೆ, ಅಂದರೆ ಮಾಸ್, ಆದ ಮೇಲೆ ಎಲ್ಲರೂ ಕಟ್ಟು ಎತ್ತಿ ಹಿಡಿದರು. ಫಾದರ್ ತೀರ್ಥ ಚಿಮುಕಿಸಿದರು. ಇಗರ್ಜಿ ತುಂಬ ಹಿತ್ತಲಿನ ವಾಸನೆ. ಮನೆಗೆ ಬಂದು ಅಜ್ಜಿ ಅದನ್ನು ಮಾತೆಯ ಪಟದ ಹಿಂದೆ ಸಿಕ್ಕಿಸಿದರು. ಗುಡುಗು ಸಿಡಿಲು ಬಂದರೆ ಒಂದು ಕಡ್ಡಿ ಒಲೆಗೆ, ಹಸುವಿಗೆ ಹುಷಾರಿಲ್ಲದಿದ್ದರೆ ಒಂದು ಚೂರು ಮೇವಿಗೆ. "ಇದೆಲ್ಲ ಮೂಢನಂಬಿಕೆ ಅಲ್ವಾ?" ಅಂದ ನಮ್ಮ ಗುಂಪಿನ ಬೆಂಗಳೂರು ಹುಡುಗ. ಮಲೆನಾಡಿನ ಸಿಡಿಲು ಕಂಡವರು ಹಾಗೆ ಕೇಳುವುದಿಲ್ಲ.

ನಮ್ಮ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ, ಮಾತೆ ಹುಟ್ಟಿದ ದಿನ. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸುತ್ತಾರೆ. ಹಬ್ಬದಂದು ಹೊಸ ತೆನೆಗೆ ಆಶೀರ್ವಾದ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಆದರೆ ಇದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಹಬ್ಬ. ಸಾಗರದ ಕಡೆ ನಮ್ಮ ಗದ್ದೆ ಆಗಿನ್ನೂ ಹಸಿರು. ತೆನೆಗೆ ಊರೆಲ್ಲ ಹುಡುಕಾಡುತ್ತೇವೆ.

ಇಲ್ಲಿನ ಭತ್ತ ಹಾಲು ತುಂಬುವುದು ಭೂಮಿ ಹುಣ್ಣಿಮೆಯ ಹೊತ್ತಿಗೆ. ಪಕ್ಕದ ಮನೆಯ ಅಕ್ಕ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಸುರಿ ಭೂಮ್ತಾಯಿಗೆ ಬಯಕೆ ಊಟ ಕಳಿಸುತ್ತಾರೆ. ಕಡುಬು ನಮ್ಮ ಮನೆಗೂ ಬರುತ್ತದೆ. ಆ ಅಜ್ಜಿ, ಈ ಅಕ್ಕ ಎದುರಾದರೆ ಭಾಷೆ ಬರದಿದ್ದರೂ ಸೊಪ್ಪು ತೋರಿಸಿಕೊಂಡು ಅರ್ಧ ದಿನ ಕಳೆದಾರು.

ಆ ವರ್ಷದ ಮೊಂತಿ ಹಬ್ಬಕ್ಕೆ, ಸಿಕ್ಕ ತೆನೆಯ ಜೊತೆ ಹಸಿ ಅಡಿಕೆ, ಕಾಳುಮೆಣಸಿನ ಗೊಂಚಲು, ಅರಿಶಿನದೆಲೆ ಎಲ್ಲ ಸೇರಿಸಿ ಕಟ್ಟಿದೆ. "ಏನಮ್ಮ, ತೋಟಾನೇ ಹೊತ್ಕೊಂಡ್ ಬಂದ್ಯಾ?" ಅಂದರು ನಮ್ಮ ಫಾದರ್. ತೀರ್ಥ ಮಾತ್ರ ಎಲ್ಲದಕ್ಕೂ ಬಿತ್ತು. ಸಂಜೆ ಒಂದು ಚೂರು ಕೊಟ್ಟಿಗೆಗೂ ಒಯ್ದೆ. ಗೌರಿ ಮೆಣಸು ಮೂಸಿ ಮುಖ ತಿರುಗಿಸಿದಳು, ಅರಿಶಿನದೆಲೆಯನ್ನಷ್ಟೇ ತಿಂದಳು.